ಕಾರಿನ ಬಾಗಿಲಿಗೆ ಸ್ಪೀಕರ್ ರಿಂಗ್ ನೀವೇ ಮಾಡಿಕೊಳ್ಳಿ: ಅಳತೆಯಿಂದ ಫಿಟ್ಟಿಂಗ್‌ವರೆಗೆ

"ಅಣ್ಣಾ, ದುಡ್ಡು ಕೊಟ್ಟು ಹೊಸ ಸ್ಪೀಕರ್ ಹಾಕಿಸಿದೆ. ಬೇಸ್ ಮೊದಲಿಗಿಂತ ಕಡಿಮೆ ಆಗಿದೆಯಲ್ಲ, ಯಾಕೆ?" ತುಮಕೂರಿನಲ್ಲಿ ಕಾರಿನ ಆಡಿಯೋ ಬಗ್ಗೆ ನನ್ನನ್ನು ಕೇಳುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಇದನ್ನೇ. ಬಾಗಿಲು ಬಿಚ್ಚಿ ನೋಡಿದರೆ ಬಹಳ ಸಲ ಸ್ಪೀಕರ್ ಚೆನ್ನಾಗಿಯೇ ಇರುತ್ತದೆ. ಅದು ಕೂತಿರುವ ಜಾಗ ಸರಿ ಇರುವುದಿಲ್ಲ. ನಾಲ್ಕು ಸ್ಕ್ರೂ ಬದಲು ಎರಡೇ ಇರುತ್ತದೆ, ಸುತ್ತ ಬೆರಳು ತೂರುವಷ್ಟು ಸಂದು ಇರುತ್ತದೆ.

ಆ ಸಂದು ಏನು ಮಾಡುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಸ್ಪೀಕರಿನ ಕೋನ್, ಅಂದರೆ ಮುಂದಕ್ಕೂ ಹಿಂದಕ್ಕೂ ಆಡುವ ಆ ಬಟ್ಟಲು, ಮುಂದೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಗಾಳಿ ಎಳೆಯುತ್ತದೆ. ನಡುವೆ ಸಂದಿದ್ದರೆ ಮುಂದಿನ ಗಾಳಿ ಸುತ್ತಿ ಹಿಂದಕ್ಕೆ ಜಾರಿಬಿಡುತ್ತದೆ. ಇದರಿಂದ ಮೊದಲು ಪೆಟ್ಟು ತಿನ್ನುವುದು ಬೇಸ್. ವಾಷರ್ ಹೋದ ಸೈಕಲ್ ಪಂಪ್ ಹೊಡೆದ ಹಾಗೆ. ಎಷ್ಟು ಒತ್ತಿದರೂ ಟ್ಯೂಬ್‌ಗೆ ಗಾಳಿ ಹೋಗುವುದಿಲ್ಲ, ಅಲ್ವಾ?

ಈ ಸಂದನ್ನು ಮುಚ್ಚಿ, ಸ್ಪೀಕರನ್ನು ಅಲುಗಾಡದಂತೆ ಹಿಡಿದಿಡುವುದೇ ರಿಂಗ್‌ನ ಕೆಲಸ. ಬಾಗಿಲಿನ ಒಳತಗಡಿಗೂ ಹೊಸ ಸ್ಪೀಕರಿಗೂ ನಡುವೆ ಕೂರುವ, ನಿಮ್ಮ ಕಾರಿನ ಅಳತೆಗೇ ಕತ್ತರಿಸಿದ ದಪ್ಪ ಬಳೆ ಅದು. ಅಂಗಡಿಗಳಲ್ಲಿ ರೆಡಿ ರಿಂಗ್ ಸಿಗುತ್ತದೆ. ನಿಮ್ಮ ಕಾರಿಗೆ ಸರಿಯಾಗಿ ಹೊಂದುವಂಥದ್ದು ಸಿಕ್ಕಿದರೆ ತಗೊಳ್ಳಿ. ಸಿಗದವರಿಗೆ ಈ ಲೇಖನ. ಮುಂದಿನ ಬಾಗಿಲಿನ ಆರೂವರೆ ಇಂಚಿನ ಸ್ಪೀಕರನ್ನು ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು ಅಗಲ ಅಂದುಕೊಳ್ಳಿ.

ಯಾವುದರಲ್ಲಿ ಮಾಡಬೇಕು?

ಜಾಸ್ತಿ ಜನ ಎಡವುವುದು ಇಲ್ಲೇ. ಬಾಗಿಲ ಒಳಗೆ ನೀರು ಬರುವುದಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಮಳೆ ಬಂದಾಗ ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಒಂದಿಷ್ಟು ರಬ್ಬರ್ ಪಟ್ಟಿ ದಾಟಿ ಬಾಗಿಲೊಳಗೆ ಹೋಗಿ, ತಳದ ಸಣ್ಣ ತೂತುಗಳಿಂದ ಆಚೆ ಹೋಗುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ. ಹಾಗಾಗಿ ರಿಂಗ್ ಒದ್ದೆಯಾಗಿಯೇ ಆಗುತ್ತದೆ.

ಎಂಡಿಎಫ್, ಅಂದರೆ ಮರದ ಪುಡಿಯನ್ನು ಅಂಟು ಸೇರಿಸಿ ಒತ್ತಿದ ಹಲಗೆ, ಕತ್ತರಿಸಲು ಬಹಳ ಸುಲಭ. ನನ್ನ ಮೊದಲ ಕಾರಿಗೆ ಅದರಲ್ಲೇ ರಿಂಗ್ ಮಾಡಿದ್ದೆ, ಬಣ್ಣ ಬಳಿದಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಿದರೆ ಕೆಳಗಿನ ಅಂಚು ಚಹಾದಲ್ಲಿ ಅದ್ದಿದ ರಸ್ಕ್ ಥರ ಉಬ್ಬಿತ್ತು. ಸ್ಕ್ರೂವನ್ನು ಬೆರಳಲ್ಲಿ ಹಿಡಿದು ಎಳೆದರೆ ಮರದ ಪುಡಿಯ ಸಮೇತ ಕೈಗೆ ಬಂತು. ಆಮೇಲೆ ನಾನು ಬಾಗಿಲಿಗೆ ಎಂಡಿಎಫ್ ಮುಟ್ಟಿಲ್ಲ.

ನನ್ನ ಆಯ್ಕೆ ಮೆರೈನ್ ಪ್ಲೈವುಡ್. ನೀರು ತಡೆಯುವ ಅಂಟು ಹಾಕಿ ಪದರ ಕೂಡಿಸಿದ ಪ್ಲೈ ಇದು. ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ "ಐಎಸ್ 710" ಅಂತ ಮುದ್ರೆ ಇದೆಯಾ ನೋಡಿ. ಐಎಸ್ 303 ಅಂತ ಇದ್ದರೆ ಅದು ಮನೆಯೊಳಗಿನ ಸಾಮಾನಿಗೆ ಬಳಸುವ ಮಾಮೂಲಿ ಪ್ಲೈ. ಪೂರ್ತಿ ಶೀಟ್ ಕೊಳ್ಳಬೇಕಿಲ್ಲ. ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿ. 18 ಮಿಮೀ ದಪ್ಪದ, ಎರಡಡಿ ಉದ್ದ ಒಂದಡಿ ಅಗಲದ ತುಂಡಿನಲ್ಲಿ ಎರಡು ರಿಂಗ್ ಬಂದು, ಒಂದು ಕೆಟ್ಟರೆ ಇನ್ನೊಂದಕ್ಕೂ ಜಾಗ ಉಳಿಯುತ್ತದೆ.

ಎಚ್‌ಡಿಪಿಇ, ಅಂದರೆ ಅಡುಗೆಮನೆಯ ದಪ್ಪ ಬಿಳಿ ಚಾಪಿಂಗ್ ಬೋರ್ಡಿನಂಥ ಪ್ಲಾಸ್ಟಿಕ್ ಕೂಡ ಒಳ್ಳೆಯದು. ನೀರಿಗೆ ಜಗ್ಗುವುದೇ ಇಲ್ಲ. ಆದರೆ ಅದರ ಮೇಲೆ ಅಂಟು, ಬಣ್ಣ ಎರಡೂ ನಿಲ್ಲುವುದಿಲ್ಲ. ಅಕ್ರಿಲಿಕ್ ಬೇಡ, ಸ್ಕ್ರೂ ಬಿಗಿ ಮಾಡುವಾಗ ಬಿರುಕು ಬಿಡುತ್ತದೆ. ಥ್ರೀಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಪ್ಲಾಸ್ಟಿಕ್ ಬೇಡ ಅಂತ ಮೊದಲೇ ಹೇಳಿಬಿಡಿ. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲಿಗೆ ಅದು ಆಗಿಬರುವುದಿಲ್ಲ. ಎಬಿಎಸ್ ಅಥವಾ ಎಎಸ್‌ಎ ಕೇಳಿ.

ಉಳಿದ ಸಾಮಾನು

ಟೇಪು, ಸಿಕ್ಕರೆ ವರ್ನಿಯರ್ ಕ್ಯಾಲಿಪರ್, ಕೈವಾರ, ದಪ್ಪ ರಟ್ಟು, ಜಿಗ್‌ಸಾ (ತೆಳು ಬ್ಲೇಡಿನ ಕರೆಂಟ್ ಗರಗಸ) ಅಥವಾ ರೂಟರ್ (ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರ), ಡ್ರಿಲ್, ಮರಳು ಕಾಗದ, ಮರಕ್ಕೆ ಹಚ್ಚುವ ಸೀಲರ್, ಎನಾಮೆಲ್ ಪೇಂಟ್, ಫೋಮ್ ಟೇಪ್, ತುಕ್ಕು ಹಿಡಿಯದ ಸ್ಕ್ರೂ, ಡೋರ್ ಪ್ಯಾಡ್ ಎಬ್ಬಲು ಪ್ಲಾಸ್ಟಿಕ್ ಪಟ್ಟಿ. ಡೋರ್ ಪ್ಯಾಡ್ ಅಂದರೆ ಬಾಗಿಲ ಒಳಮೈಗೆ ಕೂರಿಸಿರುವ ದೊಡ್ಡ ಪ್ಲಾಸ್ಟಿಕ್ ಹಲಗೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಕತ್ತರಿಸಲು ಕೂರಬೇಡಿ. ಪ್ಲೈ ಧೂಳು ಎದೆಗೆ ಒಳ್ಳೆಯದಲ್ಲ.

ಹಂತ 1: ಬ್ಯಾಟರಿ ತೆಗೆಯಿರಿ, ಪ್ಯಾಡ್ ಬಿಚ್ಚಿ

ಇಗ್ನಿಷನ್ ಆಫ್ ಮಾಡುವ ಮೊದಲು ಕಿಟಕಿ ಗಾಜನ್ನು ಪೂರ್ತಿ ಇಳಿಸಿಡಿ. ಇದು ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ಕೇಬಲ್ ತೆಗೆದು ಕೆಲವು ನಿಮಿಷ ಸುಮ್ನೆ ಇರಿ. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಹಳದಿ ಬಣ್ಣದ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಬೇಡಿ.

ಪಕ್ಕದ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲೊಳಗೆ ಒತ್ತಡದ ಸೆನ್ಸರ್ ಇರುತ್ತದೆ. ಡಿಕ್ಕಿಯಾದಾಗ ಬಾಗಿಲೊಳಗಿನ ಗಾಳಿಯ ಒತ್ತಡ ಏರುವುದನ್ನು ನೋಡಿ ಅದು ಏರ್‌ಬ್ಯಾಗ್ ಬಿಡಿಸುತ್ತದೆ. ಅಂಥ ಬಾಗಿಲಲ್ಲಿ ತಗಡು ಕೊಯ್ಯುವುದು, ಇರುವ ತೂತು ದೊಡ್ಡದು ಮಾಡುವುದು ಖಂಡಿತ ಬೇಡ. ನಿಮ್ಮ ಕಾರಿನಲ್ಲಿ ಇದೆಯಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಂಡೇ ಕೆಲಸ ಶುರು ಮಾಡಿ. ಹಾಡಿಗಿಂತ ಜೀವ ಮುಖ್ಯ.

ಪ್ಯಾಡ್‌ನ ಸ್ಕ್ರೂಗಳು ಹಿಡಿಕೆಯ ಹಿಂದೆ, ಒಳಗಿನ ಲಾಕ್ ಹಿಡಿಯ ಮುಚ್ಚಳದ ಕೆಳಗೆ ಅಡಗಿರುತ್ತವೆ. ಎಲ್ಲ ಸ್ಕ್ರೂ ತೆಗೆದ ಮೇಲೂ ಬರದಿದ್ದರೆ ಜೋರು ಮಾಡಬೇಡಿ, ಇನ್ನೊಂದು ಎಲ್ಲೋ ಉಳಿದಿದೆ ಅಂತಲೇ ಅರ್ಥ. ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿ. ಒಂದೆರಡು ಕ್ಲಿಪ್ ಮುರಿಯಬಹುದು, ಮೊದಲೇ ನಾಲ್ಕು ತಂದಿಟ್ಟುಕೊಂಡಿರಿ. ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ. ಬಾಗಿಲೊಳಗಿನ ನೀರು ಸೀಟಿನ ಕಡೆ ಬರದಂತೆ ತಡೆಯುವುದು ಅದೇ.

ಹಂತ 2: ಅಳತೆ

ಇದಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ. ಕತ್ತರಿಸುವುದು ಹತ್ತು ನಿಮಿಷದ ಕೆಲಸ.

ಹೊಸ ಸ್ಪೀಕರಿನ ಡಬ್ಬಿಯ ಮೇಲೆ ಎರಡು ಅಳತೆ ಕೊಟ್ಟಿರುತ್ತಾರೆ. ಒಂದು ಕಟೌಟ್, ಅಂದರೆ ಸ್ಪೀಕರಿನ ಬೆನ್ನು ತೂರಲು ಬೇಕಾದ ತೂತಿನ ಅಗಲ. ಇನ್ನೊಂದು ಮೌಂಟಿಂಗ್ ಡೆಪ್ತ್, ಅಂದರೆ ಸ್ಪೀಕರಿನ ಅಂಚಿನಿಂದ ಹಿಂದಿನ ಮ್ಯಾಗ್ನೆಟ್‌ನ ತುದಿಯವರೆಗಿನ ಆಳ. ಡಬ್ಬಿಯನ್ನು ನಂಬಿ ಕೂರಬೇಡಿ, ಕ್ಯಾಲಿಪರ್ ಇಟ್ಟು ನೀವೇ ಅಳೆಯಿರಿ. ವೈರ್ ಸಿಕ್ಕಿಸುವ ಕಡ್ಡಿ ಪಕ್ಕಕ್ಕೆ ಎಷ್ಟು ಚಾಚಿದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಈಗ ಬಾಗಿಲು. ಗಾಜು ಪೂರ್ತಿ ಇಳಿದಿದೆಯಲ್ಲ, ಸ್ಪೀಕರ್ ತೂತಿನ ಅಂಚಿನಿಂದ ಗಾಜಿನವರೆಗೆ ಎಷ್ಟು ಜಾಗ ಇದೆ ನೋಡಿ. ಗಾಜು ಸ್ವಲ್ಪ ಬಾಗಿರುತ್ತದೆ, ಹಾಗಾಗಿ ಮೇಲೆ, ಕೆಳಗೆ, ಎಡ, ಬಲ ನಾಲ್ಕು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಇರುವುದನ್ನು ಹಿಡಿಯಿರಿ. ಗಾಜು ಎತ್ತುವ ಕೈ ಅಥವಾ ಕೇಬಲ್ ಆ ದಾರಿಯಲ್ಲಿ ಬರುತ್ತದಾ ಅಂತ ಟಾರ್ಚ್ ಬಿಟ್ಟು ನೋಡಿ.

ಒಂದು ಲೆಕ್ಕ ಮಾಡೋಣ. ಸ್ಪೀಕರಿನ ಆಳ 62 ಮಿಮೀ, ಗಾಜಿಗೆ ಇರುವ ಜಾಗ 55 ಮಿಮೀ ಅಂದುಕೊಳ್ಳಿ. 7 ಮಿಮೀ ಕೊರತೆ. ಗಾಜು ಅಲುಗಾಡುತ್ತದೆ, ಆದ್ದರಿಂದ ಇನ್ನೊಂದು 6 ಮಿಮೀ ಬಿಡುವು ಬೇಕು. ಒಟ್ಟು 13. ಹಾಗಾದರೆ 12 ಮಿಮೀ ಪ್ಲೈ ಸಾಲದು, 18 ಬೇಕು.

ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಏರಿಸಿಕೊಂಡು ಹೋಗಲೂ ಆಗುವುದಿಲ್ಲ, ಯಾಕೆಂದರೆ ಎದುರಿಗೆ ಡೋರ್ ಪ್ಯಾಡ್ ಇದೆ. ಅದರ ಜಾಲರಿಗೂ ತಗಡಿಗೂ ನಡುವಿನ ಅಂತರ ಟೇಪಿಗೆ ಸಿಗುವುದಿಲ್ಲ. ಅದಕ್ಕೆ ಅಡುಗೆಮನೆಯ ಉಪಾಯ ಇದೆ. ಚಪಾತಿ ಹಿಟ್ಟಿನ ನಿಂಬೆಹಣ್ಣಿನಷ್ಟು ಮೂರು ಉಂಡೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತೂತಿನ ಸುತ್ತ ತಗಡಿಗೆ ಟೇಪ್ ಹಚ್ಚಿ ಅಂಟಿಸಿ. ಪ್ಯಾಡನ್ನು ಅದರ ಜಾಗಕ್ಕೆ ಒತ್ತಿ ಹಿಡಿದು ತೆಗೆಯಿರಿ. ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟೇ ನಿಮಗಿರುವ ಜಾಗ. ಅದು 35 ಮಿಮೀ ಬಂತು ಅನ್ನಿ. ರಿಂಗ್ 18, ಅದರ ಮೇಲೆ ಸ್ಪೀಕರಿನ ಅಂಚು ಮತ್ತು ರಬ್ಬರ್ ಉಬ್ಬು ಸೇರಿ 10. ಒಟ್ಟು 28. ಉಳಿದ 7 ಮಿಮೀ ಕೋನ್ ಆಡಲು ಸಾಕು.

ಹಂತ 3: ರಟ್ಟಿನ ಅಚ್ಚು

ಕಂಪನಿಯ ಹಳೆ ಸ್ಪೀಕರನ್ನು ಬಿಚ್ಚಿ. ಸ್ಕ್ರೂ ಬದಲು ರಿವೆಟ್ ಇದ್ದರೆ ಅದೇ ಅಳತೆಯ ಬಿಟ್‌ನಿಂದ ಮೆಲ್ಲಗೆ ಕೊರೆದು ತೆಗೆಯಿರಿ. ಕಬ್ಬಿಣದ ಚೂರು ಬಾಗಿಲೊಳಗೆ ಬಿದ್ದರೆ ಬಿಡದೆ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಹಳೆ ಸ್ಪೀಕರನ್ನು ರಟ್ಟಿನ ಮೇಲೆ ಬೋರಲು ಇಟ್ಟು ಹೊರರೇಖೆ ಎಳೆಯಿರಿ. ಸ್ಕ್ರೂ ತೂತುಗಳನ್ನು ಚೂಪು ಪೆನ್ಸಿಲ್‌ನಿಂದ ಗುರುತಿಸಿ. ಮಧ್ಯಬಿಂದು ಹಿಡಿದು ಕೈವಾರದಲ್ಲಿ ಹೊಸ ಕಟೌಟ್‌ನ ವೃತ್ತ ಹಾಕಿ. ಕಟೌಟ್ 143 ಮಿಮೀ ಆದರೆ ಹೊರಗಿನ ಅಳತೆ 175 ಇಟ್ಟರೆ ಬಳೆಯ ಅಗಲ ಸುತ್ತಲೂ 16 ಮಿಮೀ ಬರುತ್ತದೆ. 12ಕ್ಕಿಂತ ಕಡಿಮೆಯಾದರೆ ಸ್ಕ್ರೂ ಹಾಕುವಾಗ ಪ್ಲೈ ಸೀಳುತ್ತದೆ. ಹಳೆ ಸ್ಪೀಕರಿನ ಕಿವಿಗಳು, ಅಂದರೆ ಸ್ಕ್ರೂ ಹಾಕುವ ಚಾಚುಗಳು, ಇದಕ್ಕಿಂತ ಆಚೆ ಚಾಚಿದ್ದರೆ ಆ ಜಾಗದಲ್ಲಿ ರಿಂಗ್‌ಗೂ ಅಂಥದೇ ಕಿವಿ ಬಿಡಿ.

ಇಲ್ಲಿ ನೋಡಿಕೊಳ್ಳಬೇಕಾದದ್ದು ಎರಡು ಇದೆ. ರಿಂಗನ್ನು ಬಾಗಿಲಿಗೆ ಹಿಡಿಯುವ ತೂತು, ಸ್ಪೀಕರನ್ನು ರಿಂಗ್‌ಗೆ ಹಿಡಿಯುವ ತೂತು ಒಂದರ ಮೇಲೊಂದು ಬರಬಾರದು. ಬಂದರೆ ಸ್ಪೀಕರನ್ನು ಸ್ವಲ್ಪ ತಿರುಗಿಸಿ ಗುರುತು ಹಾಕಿ. ಇನ್ನೊಂದು, ಎಡ ಬಾಗಿಲಿನ ಅಚ್ಚು ಬಲಕ್ಕೆ ಕೂರಬೇಕಾದರೆ ಅದನ್ನು ಮಗುಚಬೇಕು. ರಟ್ಟಿನ ಮೇಲೆ "ಎಡ", "ಮೇಲೆ", "ಒಳಮೈ" ಅಂತ ಬರೆದುಬಿಡಿ. ಆಮೇಲೆ ರಟ್ಟನ್ನೇ ಬಾಗಿಲಿಗೆ ಇಟ್ಟು ಸ್ಕ್ರೂ ತೂರಿಸಿ ನೋಡಿ. ಕೂರದಿದ್ದರೆ ಇನ್ನೊಂದು ರಟ್ಟು ಕತ್ತರಿಸಿ. ಅದಕ್ಕೇನೂ ಖರ್ಚಿಲ್ಲ.

ಹಂತ 4: ಕತ್ತರಿಸುವುದು

ಜಿಗ್‌ಸಾ ಇದ್ದರೆ ಒಳಗಿನ ತೂತು ಮೊದಲು, ಹೊರಗಿನ ಸುತ್ತು ಆಮೇಲೆ. ಹಲಗೆ ದೊಡ್ಡದಿರುವಾಗ ಕ್ಲ್ಯಾಂಪ್ ಹಾಕಿ ಹಿಡಿಯಲು ಸುಲಭ. ತೆಳ್ಳಗಿನ ಬಳೆಯನ್ನು ಹಿಡಿದು ಒಳಗೆ ಕೊಯ್ಯಲು ಹೋದರೆ ಅಲುಗಾಡಿ ಕೈಗೆ ಬರುತ್ತದೆ. ಬ್ಲೇಡ್ ತೂರಿಸಲು ಒಳಗೆ 10 ಮಿಮೀ ತೂತು ಕೊರೆದುಕೊಳ್ಳಿ. ಸಣ್ಣ ಹಲ್ಲಿನ ಬ್ಲೇಡ್ ಹಾಕಿ. ಗೆರೆಯಿಂದ ಒಂದು ಮಿಮೀ ಬಿಟ್ಟು ಕೊಯ್ದು ಮರಳು ಕಾಗದದಲ್ಲಿ ಗೆರೆಗೆ ತನ್ನಿ.

ರೂಟರ್ ಆದರೆ ಇದು ತಿರುವುಮುರುವು. ಅದು ಮಧ್ಯದ ಮೊಳೆಯ ಸುತ್ತ ತಿರುಗುತ್ತದೆ. ಒಳಗಿನದನ್ನು ಮೊದಲು ಕತ್ತರಿಸಿದರೆ ಮೊಳೆಯೇ ಕಳಚಿಹೋಗುತ್ತದೆ. ಹಾಗಾಗಿ ಹೊರಗಿನ ಸುತ್ತು ಮೊದಲು. ಒಂದೇ ಸಲಕ್ಕೆ ಪೂರ್ತಿ ಆಳ ಇಳಿಸಬೇಡಿ, 3 ಅಥವಾ 4 ಮಿಮೀ ಇಳಿಸುತ್ತಾ ಹೋಗಿ.

ಯಂತ್ರ ಇಲ್ಲದವರು ಅಚ್ಚನ್ನು ಒಬ್ಬ ಕಾರ್ಪೆಂಟರ್ ಹತ್ತಿರ ತಗೊಂಡು ಹೋಗಿ. ಪೂಜಾಮನೆ ಬಾಗಿಲಿಗೆ ಜಾಲಿ ಕೊರೆಯುವ ಸಿಎನ್‌ಸಿ ಅಂಗಡಿಯವರೂ ಮಾಡಿಕೊಡಬಲ್ಲರು. ಅವರಿಗೆ ಮೂರೇ ಅಳತೆ ಬೇಕು: ಒಳವೃತ್ತ, ಹೊರವೃತ್ತ, ತೂತುಗಳ ಜಾಗ. ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಬರೆದು ಕೊಡಿ.

ಕತ್ತರಿಸಿದ ಮೇಲೆ ಒಂದು ಸಣ್ಣ ಕೆಲಸ ಇದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ರಿಂಗ್‌ನ ಒಳ ಅಂಚನ್ನು ಹಿಂಭಾಗದಲ್ಲಿ ಓರೆಯಾಗಿ ಅರದಿಂದ ಉಜ್ಜಿ ಇಳಿಸಿ. ದಪ್ಪ ರಿಂಗ್ ಇದ್ದಾಗ ಕೋನ್‌ನ ಬೆನ್ನು ಕೊಳವೆಯೊಳಗೆ ಸಿಕ್ಕಿಕೊಂಡ ಹಾಗಾಗುತ್ತದೆ. ಓರೆ ಮಾಡಿದರೆ ಗಾಳಿ ಆರಾಮಾಗಿ ಆಡುತ್ತದೆ. ಸ್ಕ್ರೂ ಬರುವ ಜಾಗದಲ್ಲಿ ಮಾತ್ರ ಮರ ಹಾಗೇ ಇರಲಿ.

4 ಮಿಮೀ ಸ್ಕ್ರೂಗೆ ಮೊದಲು 2.5 ಅಥವಾ 3 ಮಿಮೀ ತೂತು ಕೊರೆಯಿರಿ. ನೇರ ಸ್ಕ್ರೂ ಹೊಡೆದರೆ ಪ್ಲೈನ ಪದರ ಬಿಡುತ್ತದೆ. ಬಾಗಿಲಿಗೆ ಹಿಡಿಯುವ ಸ್ಕ್ರೂಗಳ ತಲೆ ಮರದೊಳಗೆ ಮುಳುಗುವಂತೆ ಗುಳಿ ಮಾಡಿ, ಇಲ್ಲದಿದ್ದರೆ ಸ್ಪೀಕರ್ ಸಮ ಕೂರುವುದಿಲ್ಲ.

ಹಂತ 5: ನೀರಿಗೆ ಕಾಪು

ಮೆರೈನ್ ಪ್ಲೈ ಆದರೂ ಕತ್ತರಿಸಿದ ಅಂಚು ನೀರು ಕುಡಿಯುತ್ತದೆ. ಸೀಲರ್ ಒಂದು ಕೈ, ಒಣಗಿದ ಮೇಲೆ ಮರಳು ಕಾಗದ, ಆಮೇಲೆ ಎನಾಮೆಲ್ ಪೇಂಟ್ ಎರಡು ಕೈ. ಮೊದಲ ಕೈ ಥಿನ್ನರ್ ಸೇರಿಸಿ ತೆಳ್ಳಗೆ ಇರಲಿ, ಒಳಗೆ ಇಳಿಯುತ್ತದೆ. ಸ್ಕ್ರೂ ತೂತುಗಳ ಒಳಗೂ ಸಣ್ಣ ಬ್ರಷ್ ತೂರಿಸಿ. ಬಿಳಿ ಫೆವಿಕಾಲ್ ಬಳಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಮಾಮೂಲಿ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ, ಅದನ್ನು ನಂಬಬೇಡಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಹಸಿ ಪೇಂಟಿನ ಮೇಲೆ ಫೋಮ್ ಟೇಪ್ ನಿಲ್ಲುವುದಿಲ್ಲ.

ಹಂತ 6: ತಗಡಿನ ನಡುಕ ಕಡಿಮೆ ಮಾಡಿ

ಪ್ಯಾಡ್ ಹೇಗೂ ಬಿಚ್ಚಿದ್ದೀರಿ, ಡ್ಯಾಂಪಿಂಗ್ ಶೀಟ್ ಕೂಡ ಅಂಟಿಸಿಬಿಡಿ. ತಗಡಿನ ನಡುಕ ನುಂಗುವ ಮೆತ್ತನೆಯ ರಬ್ಬರಿನಂಥ ಹಾಳೆ ಇದು, ಒಂದು ಮೈ ಅಂಟು, ಇನ್ನೊಂದು ಮೈ ಅಲ್ಯೂಮಿನಿಯಂ. ಬ್ಯೂಟೈಲ್ ಅಂತ ಕೇಳಿ ತಗೊಳ್ಳಿ. ಚಾವಣಿಗೆ ಹಾಕುವ ಟಾರ್ ಶೀಟ್ ಅಗ್ಗ, ಆದರೆ ಬೇಸಿಗೆಯಲ್ಲಿ ಕರಗಿ ಜಾರುತ್ತದೆ, ಕಾರೆಲ್ಲ ವಾಸನೆ. ಶಿರಾ, ಪಾವಗಡ ಕಡೆ ಓಡಾಡುವ ಕಾರುಗಳ ಬಾಗಿಲೊಳಗೆ ಕೆಂಧೂಳು ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಥಿನ್ನರ್‌ನಲ್ಲಿ ಒರೆಸಿದ ಮೇಲೆಯೇ ಅಂಟಿಸಿ. ಸ್ಪೀಕರಿನ ಹಿಂದೆ ಹೊರತಗಡಿಗೆ ಒಂದು ತುಂಡು, ರಿಂಗ್ ಸುತ್ತ ಒಳತಗಡಿಗೆ ಒಂದಿಷ್ಟು ಸಾಕು. ತಳದ ನೀರಿನ ತೂತು ಮುಚ್ಚಬೇಡಿ.

ಹಂತ 7: ಫಿಟ್ಟಿಂಗ್ ಮತ್ತು ವೈರ್

ರಿಂಗ್‌ನ ಹಿಂಬದಿ ಸುತ್ತಲೂ ಫೋಮ್ ಟೇಪ್ ಅಂಟಿಸಿ. ನೀರು ಹೀರದ ಬಗೆಯದು ತಗೊಳ್ಳಿ, ಸ್ಪಂಜಿನಂಥದ್ದು ಬೇಡ. ಎರಡು ತುದಿ ಸೇರುವ ಜಾಗ ಕೆಳಗೆ ಬರಲಿ. ಕಂಪನಿಯ ತೂತುಗಳನ್ನೇ ಬಳಸಿ. ಬರೀ ತಗಡಿಗೆ ಸ್ಕ್ರೂ ಹೊಡೆದರೆ ನಡುಕಕ್ಕೆ ಸಡಿಲವಾಗುತ್ತದೆ, ಅದರ ಬದಲು ತಗಡಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ನಟ್ ಹಾಕಿ. 18 ಮಿಮೀ ರಿಂಗ್‌ಗೆ 25 ಮಿಮೀ ಸ್ಕ್ರೂ ಸಾಕು. ಉದ್ದ ಸ್ಕ್ರೂ ಒಳಗಿನ ವೈರಿಗೋ ಗಾಜಿನ ಕೇಬಲ್ಲಿಗೋ ತಾಗುತ್ತದೆ. ಸ್ಪೀಕರನ್ನು ರಿಂಗ್‌ಗೆ ಹಿಡಿಯಲು 16 ಮಿಮೀ ಸ್ಕ್ರೂ. ಕಾರಿನ ಚಕ್ರದ ನಟ್ ಹಾಕುವ ಹಾಗೆ ಎದುರುಬದುರು ಬಿಗಿ ಮಾಡುತ್ತಾ ಬನ್ನಿ. ಒಂದೇ ಕಡೆ ಜೋರಾಗಿ ಬಿಗಿದರೆ ಸ್ಪೀಕರಿನ ಚೌಕಟ್ಟು ತಿರುಚಿ ಕೋನ್ ಒಳಗೆ ಉಜ್ಜುತ್ತದೆ.

ಕಂಪನಿಯ ವೈರ್ ಕತ್ತರಿಸಬೇಡಿ. ನಿಮ್ಮ ಕಾರಿನ ಕಪ್ಲರ್‌ಗೆ ಹೊಂದುವ ಜೋಡಿ ವೈರ್ ಸಿಗುತ್ತದೆ, ಅದನ್ನು ಬಳಸಿ. ವಾರಂಟಿಯ ತಕರಾರು ತಪ್ಪುತ್ತದೆ. ಪ್ಲಸ್ ಮೈನಸ್ ಗೊತ್ತಾಗದಿದ್ದರೆ ಸ್ಪೀಕರನ್ನು ಬಿಡಿಯಾಗಿ ಇಟ್ಟು 1.5 ವೋಲ್ಟ್ ಪೆನ್ಸಿಲ್ ಸೆಲ್ ಅನ್ನು ಕ್ಷಣ ಮಾತ್ರ ತಾಗಿಸಿ. ಕೋನ್ ಮುಂದಕ್ಕೆ ಜಿಗಿದರೆ ಸೆಲ್‌ನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಸ್ಟೀರಿಯೋಗೆ ಜೋಡಿಸಿದ ವೈರಿಗೆ ಸೆಲ್ ತಾಗಿಸಬೇಡಿ. ಸ್ಪೀಕರಿನ ಮೈನಸ್ ವೈರ್ ಅನ್ನು ಕಾರಿನ ತಗಡಿಗೆ ಅರ್ಥ್ ಕೂಡ ಮಾಡಬೇಡಿ. ಈಗಿನ ಸ್ಟೀರಿಯೋಗಳಲ್ಲಿ ಎರಡೂ ವೈರಿನಲ್ಲಿ ಸಿಗ್ನಲ್ ಇರುತ್ತದೆ, ತಗಡಿಗೆ ತಾಗಿದರೆ ಸ್ಟೀರಿಯೋ ಒಳಗಿನ ಚಿಪ್ (ಐಸಿ) ಸುಟ್ಟುಹೋಗಬಹುದು.

ಹಂತ 8: ಪ್ಯಾಡ್ ಮುಚ್ಚುವ ಮೊದಲು

ಬ್ಯಾಟರಿ ಜೋಡಿಸಿ, ಗಾಜನ್ನು ಎರಡು ಸಲ ಪೂರ್ತಿ ಮೇಲೆ ಕೆಳಗೆ ಮಾಡಿ. ಕಿರ್ ಅಂದರೆ ಅಲ್ಲೇ ನಿಲ್ಲಿಸಿ. ಸಣ್ಣ ಸದ್ದಿನಲ್ಲಿ ಹಾಡು ಹಾಕಿ, ರಿಂಗ್ ಸುತ್ತ ಒದ್ದೆ ಬೆರಳು ಆಡಿಸಿ. ಗಾಳಿ ಊದಿದ ಹಾಗೆ ತಣ್ಣಗೆ ತಾಗಿದರೆ ಅಲ್ಲಿ ಸಂದಿದೆ, ಫೋಮ್ ಸರಿ ಮಾಡಿ. ಎಡ ಬಲ ಎರಡೂ ಆದ ಮೇಲೆ ಹಾಡುವ ದನಿ ಎದುರಿನಿಂದ ಬರಬೇಕು. ಎಲ್ಲಿಂದಲೋ ಬಂದ ಹಾಗಿದ್ದು ಬೇಸ್ ತೆಳ್ಳಗಿದ್ದರೆ ಒಂದು ಕಡೆ ಪ್ಲಸ್ ಮೈನಸ್ ತಿರುಗಿದೆ. ನನ್ನ ಬಳಿ ಬಂದ ಕಾರುಗಳಲ್ಲಿ ಸಂದು ಬಿಟ್ಟರೆ ಮುಂದಿನ ತಪ್ಪು ಯಾವಾಗಲೂ ಇದೇ.

ಪ್ಯಾಡ್ ಹಾಕಿದ ಮೇಲೆ ಬರುವ ಗರಗರ ಸದ್ದು ಬಹುಪಾಲು ಸ್ಪೀಕರಿನದಲ್ಲ, ಲಾಕ್ ಕಡ್ಡಿಯದೋ ಸಡಿಲ ವೈರಿನದೋ ಆಗಿರುತ್ತದೆ. ಅವಕ್ಕೆ ಫೋಮ್ ಸುತ್ತಿ. ವಾರ ಓಡಿಸಿದ ಮೇಲೆ ಒಮ್ಮೆ ಪ್ಯಾಡ್ ತೆಗೆದು ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ. ಮೊದಲ ಜೋರು ಮಳೆ ಕಳೆದ ಮೇಲೆ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿ. ಒದ್ದೆ ಇದ್ದರೆ ಪ್ಲಾಸ್ಟಿಕ್ ಹಾಳೆ ಸರಿಯಾಗಿ ಅಂಟಿಲ್ಲ, ಅದನ್ನು ಮತ್ತೆ ಒತ್ತಿ ಅಂಟಿಸಿ.

ಕಂಪನಿಯ ಹಳೆ ಸ್ಪೀಕರ್‌ಗಳನ್ನು ಎಸೆಯಬೇಡಿ. ಹೊಸದರ ಡಬ್ಬಿಯಲ್ಲೇ ಹಾಕಿ, ರಟ್ಟಿನ ಅಚ್ಚನ್ನೂ ಜೊತೆಗಿಟ್ಟು, ಡಬ್ಬಿಯ ಮೇಲೆ ಕಾರಿನ ಮಾಡೆಲ್ ಮತ್ತು ರಿಂಗ್ ದಪ್ಪ ಬರೆದಿಡಿ. ನಾಳೆ ಕಾರು ಮಾರುವಾಗ ಹಳೆಯದನ್ನು ವಾಪಸ್ ಕೂರಿಸಬಹುದು. ಅದೇ ಕಾರಿರುವ ಗೆಳೆಯರು ಕೇಳಿದರೆ ಆ ಅಚ್ಚು ಕೊಡಿ, ಅವರಿಗೆ ಒಂದು ಗಂಟೆಯ ಅಳತೆ ಕೆಲಸ ಉಳಿಯುತ್ತದೆ.